ಗ್ರೆಪ್ ಮಾಡಿದರೆ ಸಿಕ್ಕೇಬಿಡುತ್ತದೆಯೇ?

ಕೆಲವು ವರ್ಷಗಳ ಹಿಂದೆ ಒಂದು ಸರ್ವರ್‌ಗೆ ಪುಟ್ಟ ಸ್ಕ್ರಿಪ್ಟ್ ಬರೆದಿದ್ದೆ. ಡಿಸ್ಕ್ ಎಷ್ಟು ತುಂಬಿದೆ ಎಂದು ಡಿಎಫ್ ಕಮಾಂಡ್ ಅನ್ನು ಕೇಳುವುದು, ಅದರ ಉತ್ತರದಿಂದ ಶೇಕಡಾ ಸಂಖ್ಯೆಯನ್ನಷ್ಟೇ ಹೆಕ್ಕುವುದು, ಅದು 90 ದಾಟಿದ್ದರೆ ನನಗೊಂದು ಮೇಲ್ ಕಳಿಸುವುದು, ಇಷ್ಟೇ ಅದರ ಕೆಲಸ. ತಿಂಗಳುಗಟ್ಟಲೆ ಮೇಲ್ ಬರಲಿಲ್ಲ. ಡಿಸ್ಕ್ ಆರಾಮಾಗಿದೆ ಅಂದುಕೊಂಡೆ. ಒಂದು ಬೆಳಗ್ಗೆ ಅದು ನೂರಕ್ಕೆ ನೂರು ತುಂಬಿ ಡೇಟಾಬೇಸ್ ನಿಂತೇಹೋಯಿತು. ನೋಡಿದರೆ ಸ್ಕ್ರಿಪ್ಟ್ ಹತ್ತು ನಿಮಿಷಕ್ಕೊಮ್ಮೆ ತಪ್ಪದೆ ಓಡುತ್ತಲೇ ಇತ್ತು!

ಕಮಾಂಡ್ ಉಗುಳಿದ ರಾಶಿಯಿಂದ ಬೇಕಾದ ಕಾಳನ್ನು ಕೇರಿ ತೆಗೆಯಲು ಗ್ರೆಪ್, ಸೆಡ್, ಆಕ್, ಕಟ್ ಎಂಬ ಸಲಕರಣೆಗಳಿವೆ. ಎಲ್ಲಕ್ಕೂ ನಲವತ್ತು ವರ್ಷ ದಾಟಿದೆ. ಬಹುಪಾಲು ಜನ ಇವನ್ನು ಪುಸ್ತಕ ಓದಿ ಕಲಿತವರಲ್ಲ, ಪಕ್ಕದ ಸೀಟಿನವರು ಟೈಪ್ ಮಾಡಿದ್ದನ್ನು ನೋಡಿ ಕಲಿತವರು. ಹಾಗೆ ಕಲಿಯುವಾಗ ಕಮಾಂಡ್ ಜೊತೆಗೆ ತಪ್ಪು ನಂಬಿಕೆಗಳೂ ಕೈಯಿಂದ ಕೈಗೆ ದಾಟುತ್ತವೆ.

ನಂಬಿಕೆ: ಕಣ್ಣಿಗೆ ಐದನೇ ಕಾಲಂ ಆಗಿ ಕಂಡದ್ದು ಕಟ್ ಕಮಾಂಡಿಗೂ ಐದನೆಯದೇ

ನಾನು ಬಿದ್ದ ಹಳ್ಳ ಇದೇ. ಡಿಎಫ್ ತನ್ನ ಅಂಕಿಗಳನ್ನು ಸಾಲಾಗಿ ಜೋಡಿಸಿ ತೋರಿಸುತ್ತದೆ: ಡಿಸ್ಕಿನ ಹೆಸರು, ಒಟ್ಟು ಜಾಗ, ಬಳಸಿದ್ದು, ಉಳಿದದ್ದು, ಶೇಕಡಾ, ಕೊನೆಗೆ ಡಿಸ್ಕ್ ಜೋಡಣೆಯಾದ ಜಾಗ, ಅಂದರೆ ಮೌಂಟ್ ಪಾಯಿಂಟ್. ನೋಡಲು ಅಂದವಾಗಿರಲೆಂದು ನಡುವೆ ಸ್ಪೇಸ್‌ಗಳನ್ನು ತುಂಬಿ ಅಂಕಿಗಳನ್ನು ಬಲಕ್ಕೆ ಸರಿಸಿರುತ್ತದೆ. ನಮ್ಮ ಕಣ್ಣು ಐದಾರು ಸ್ಪೇಸ್‌ಗಳನ್ನು ಒಂದೇ ಖಾಲಿ ಜಾಗವೆಂದು ಓದಿಕೊಳ್ಳುತ್ತದೆ. ಕಟ್ ಹಾಗೆ ಓದುವುದಿಲ್ಲ. ಸ್ಪೇಸ್ ನೋಡಿ ಕತ್ತರಿಸು ಎಂದರೆ ಅದು ಪ್ರತಿ ಸ್ಪೇಸ್‌ಗೂ ಕತ್ತರಿ ಹಾಕುತ್ತದೆ. ಅಕ್ಕಪಕ್ಕದ ಎರಡು ಸ್ಪೇಸ್‌ಗಳ ನಡುವೆ ಒಂದು ಖಾಲಿ ಫೀಲ್ಡ್ ಇದೆ ಎಂದೇ ಅದರ ಲೆಕ್ಕ.

ಐದು ಎಂದು ಬರೆದರೆ ಉತ್ತರ ಬರದೇ ಹೋದಾಗ ನಾನು ಆರು, ಏಳು, ಎಂಟು ಎಂದು ಏರಿಸುತ್ತಾ ಹೋಗಿ, ಸರಿಯಾದ ಉತ್ತರ ಬಂದ ಕಡೆ ನಿಲ್ಲಿಸಿದ್ದೆ. ಕೆಲಸವೂ ಆಯಿತು, ಉಳಿದ ಜಾಗ 1,00,00,000 ಕಿಲೋಬೈಟ್‌ಗಿಂತ ಕೆಳಗಿಳಿಯುವವರೆಗೆ. ಅವತ್ತು ಎಂಟಂಕಿಯ ಸಂಖ್ಯೆ ಏಳಂಕಿಯಾಯಿತು, ಬಿಟ್ಟುಹೋದ ಅಂಕಿಯ ಜಾಗದಲ್ಲಿ ಡಿಎಫ್ ಒಂದು ಸ್ಪೇಸ್ ಹೆಚ್ಚಿಗೆ ಹಾಕಿತು, ಅದರ ಬಲಕ್ಕಿದ್ದ ಎಲ್ಲ ಫೀಲ್ಡ್‌ಗಳೂ ಒಂದೊಂದು ಮನೆ ಮುಂದೆ ಹೋದವು. ನಾನು ಶೇಕಡಾ ಹುಡುಕುತ್ತಿದ್ದ ಮನೆ ಖಾಲಿ. ಖಾಲಿಯನ್ನು 90ರ ಜೊತೆ ಹೋಲಿಸಿದರೆ ಶೆಲ್ ಒಂದು ದೋಷ ಸಂದೇಶ ಬರೆದು, ಷರತ್ತು ಸುಳ್ಳೆಂದು ಬಗೆದು ಮುಂದೆ ಹೋಗುತ್ತದೆ. ಸಂದೇಶ, ಸ್ಕ್ರಿಪ್ಟನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಕ್ರಾನ್‌ನ ಯಾರೂ ಓದದ ಮೇಲ್‌ಬಾಕ್ಸಿಗೆ ಹೋಗಿ ಬೀಳುತ್ತಿತ್ತು. 50 ಜಿಬಿ ಡಿಸ್ಕಿನಲ್ಲಿ ಆ ಅಂಕಿ ಉದುರುವುದು ಸುಮಾರು ಶೇ. 80ರ ಹೊತ್ತಿಗೆ. ಅಂದರೆ ಎಚ್ಚರಿಸಬೇಕಾದ ಕಾಲ ಹತ್ತಿರವಾಗುತ್ತಿದ್ದಾಗಲೇ ಕಾವಲುಗಾರ ಕುರುಡನಾಗಿದ್ದ.

ಈ ಕೆಲಸಕ್ಕೆ ಆಕ್ ಬೇಕಿತ್ತು. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆಲ್ಫ್ರೆಡ್ ಏಹೋ, ಪೀಟರ್ ವೈನ್‌ಬರ್ಗರ್, ಬ್ರಯಾನ್ ಕರ್ನಿಗನ್ ಮೂವರು ಬರೆದದ್ದು ಅದು. ಹೆಸರು ಅವರ ಉಪನಾಮಗಳ ಮೊದಲಕ್ಷರಗಳದ್ದು. ಬೇರೇನೂ ಹೇಳದಿದ್ದರೆ ಆಕ್ ಎಷ್ಟೇ ಸ್ಪೇಸ್, ಟ್ಯಾಬ್ ಬಂದರೂ ಒಂದೇ ಗಡಿಯೆಂದು ಎಣಿಸುತ್ತದೆ, ಸಾಲಿನ ಶುರುವಿನ ಸ್ಪೇಸ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರ $5 ಎಂದರೆ ನಮ್ಮ ಕಣ್ಣು ಎಣಿಸುವ ಐದನೆಯದೇ. ಹಾಗೆಂದು ಕಟ್ ಕೆಲಸಕ್ಕೆ ಬಾರದ್ದಲ್ಲ. ಪಾಸ್‌ವರ್ಡ್ ಫೈಲಿನಂತೆ ಕೋಲನ್ ಒಂದೇ ಗಡಿಯಾಗಿರುವ ಕಡೆ ಅದರಷ್ಟು ಚುರುಕಾದದ್ದು ಇನ್ನೊಂದಿಲ್ಲ. ಆದರೆ 3,1 ಎಂದು ಕೇಳಿದರೂ ಅದು ಕೊಡುವುದು ಮೊದಲು ಒಂದನೆಯದನ್ನು, ಆಮೇಲೆ ಮೂರನೆಯದನ್ನು. ಕ್ರಮ ಬದಲಿಸುವುದು ಅದರ ಜಾಯಮಾನದಲ್ಲೇ ಇಲ್ಲ.

ನಂಬಿಕೆ: ಗ್ರೆಪ್ ನಾನು ಬರೆದದ್ದನ್ನೇ ಹುಡುಕುತ್ತದೆ

ಗ್ರೆಪ್ ಹುಡುಕುವುದು ಪದವನ್ನಲ್ಲ, ಮಾದರಿಯನ್ನು. ಇಡಿ ಎಂಬ ಹಳೆಯ ಎಡಿಟರ್‌ನಲ್ಲಿ ಫೈಲಿನ ಉದ್ದಕ್ಕೂ ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್, ಅಂದರೆ ಇಂಥದ್ದೊಂದು ಮಾದರಿ, ಹುಡುಕಿ ಆ ಸಾಲುಗಳನ್ನು ಮುದ್ರಿಸಲು ಒಂದು ಆದೇಶವಿತ್ತು. ಅದರ ಅಕ್ಷರಗಳನ್ನು ಸೇರಿಸಿ ಓದಿದರೆ ಗ್ರೆಪ್. ಕೆನ್ ಥಾಂಪ್ಸನ್ ಅದನ್ನೇ ಪ್ರತ್ಯೇಕ ಕಮಾಂಡ್ ಮಾಡಿದರು. 1973ರ ಯುನಿಕ್ಸ್ ನಾಲ್ಕನೇ ಆವೃತ್ತಿಯಲ್ಲಿ ಅದು ಬಂತು.

ಮಾದರಿಯ ಭಾಷೆಯಲ್ಲಿ ಚುಕ್ಕಿ ಎಂದರೆ ಚುಕ್ಕಿಯಲ್ಲ, ಯಾವುದೋ ಒಂದು ಅಕ್ಷರ. ಹಾಗಾಗಿ ಲಾಗ್‌ನಲ್ಲಿ 10.0.0.1 ಹುಡುಕಿದರೆ 10.0.0.12 ಬರುತ್ತದೆ, 110.0.0.1 ಬರುತ್ತದೆ, ಯಾರದೋ ಆರ್ಡರ್ ಸಂಖ್ಯೆ 10203041 ಕೂಡ ಬರುತ್ತದೆ. ಒಂದೇ ವಿಳಾಸದಿಂದ ಸಾವಿರಾರು ಸಲ ಯಾರೋ ಲಾಗಿನ್‌ಗೆ ಯತ್ನಿಸಿದ್ದಾರೆಂದು ಗಾಬರಿಯಾಗಿ, ಎಣಿಸಿದಾಗ ಮುಕ್ಕಾಲು ಪಾಲು ಬೇರೆ ವಿಳಾಸಗಳಾಗಿದ್ದ ಪ್ರಸಂಗ ನಾನೇ ಕಂಡಿದ್ದೇನೆ. ಡ್ಯಾಶ್ ದೊಡ್ಡ ಎಫ್ ಹಾಕಿದರೆ ಚುಕ್ಕಿ ಚುಕ್ಕಿಯಾಗೇ ಉಳಿಯುತ್ತದೆ. ಜೊತೆಗೆ ಡ್ಯಾಶ್ ಡಬ್ಲ್ಯೂ ಹಾಕಿದರೆ ಹಿಂದೆ ಮುಂದೆ ಅಂಕಿ ಅಂಟಿಕೊಂಡವು ಹೊರಗುಳಿಯುತ್ತವೆ.

ನಕ್ಷತ್ರದ ಕಥೆಯೂ ಹೀಗೇ. ಫೈಲ್ ಹೆಸರುಗಳಲ್ಲಿ * ಎಂದರೆ ಏನು ಬೇಕಾದರೂ. ಗ್ರೆಪ್‌ಗೆ ಅದು ಹಿಂದಿನ ಅಕ್ಷರ ಸೊನ್ನೆ ಅಥವಾ ಎಷ್ಟು ಸಲ ಬಂದರೂ ಸರಿ ಎಂಬ ಸೂಚನೆ. ಉದ್ಧರಣ ಚಿಹ್ನೆಯೊಳಗೆ ಇಡದಿದ್ದರಂತೂ ಗ್ರೆಪ್ ನೋಡುವ ಮೊದಲೇ ಶೆಲ್ ಅದನ್ನು ಫೈಲ್ ಹೆಸರುಗಳಾಗಿ ಬಿಡಿಸಿಬಿಡಬಹುದು. ಮಾದರಿಯನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಬರೆಯುವ ಅಭ್ಯಾಸ ಬೆರಳಿಗೇ ಬಂದುಬಿಡಬೇಕು.

ಇನ್ನು ಗ್ರೆಪ್ ಇಡೀ ಸಾಲನ್ನೇ ಕೊಡುತ್ತದೆ, ತುಣುಕಿಗೆ ಬೇರೆ ಟೂಲ್ ಬೇಕು ಎನ್ನುವವರು ಡ್ಯಾಶ್ ಓ ಎಂಬ ಆಯ್ಕೆಯನ್ನು ಬಳಸಿಲ್ಲ, ಅಷ್ಟೇ. ಅದು ಮಾದರಿಗೆ ಹೊಂದಿದ ಭಾಗವನ್ನು ಮಾತ್ರ ಕೊಡುತ್ತದೆ.

ನಂಬಿಕೆ: ಪರದೆಗೆ ಬಂದದ್ದೆಲ್ಲ ಪೈಪಿಗೂ ಬರುತ್ತದೆ

"ಸರ್, ಜಾವಾ ವರ್ಷನ್ ಕಣ್ಣೆದುರೇ ಕಾಣಿಸ್ತಿದೆ, ಸೆಡ್ ಹಾಕಿದ್ರೆ ಹಾಗ್ಹಾಗೇ ಬರ್ತಿದೆ, ಏನೂ ಬದಲಾಗ್ತಿಲ್ಲ." ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಒಮ್ಮೆಯಾದರೂ ಈ ಮಾತು ಹೇಳುತ್ತಾರೆ. ಸೆಡ್‌ನ ತಪ್ಪಲ್ಲ, ಅದಕ್ಕೆ ಏನೂ ತಲುಪಿಲ್ಲ. ಪ್ರತಿ ಕಮಾಂಡಿಗೆ ಮಾತು ಹೊರಬರುವ ಬಾಗಿಲು ಎರಡು: ಒಂದನೆಯದು ಉತ್ತರಕ್ಕೆ, ಎರಡನೆಯದು ದೋಷ ಮತ್ತು ಸೂಚನೆಗಳಿಗೆ. ಪೈಪ್ ಜೋಡಣೆಯಾಗುವುದು ಮೊದಲ ಬಾಗಿಲಿಗೆ ಮಾತ್ರ. ಜಾವಾಕ್ಕೆ ಒಂದೇ ಡ್ಯಾಶ್ ಹಾಕಿ ವರ್ಷನ್ ಕೇಳಿದರೆ ಅದು ಎರಡನೆಯ ಬಾಗಿಲಿನಿಂದ ಮಾತಾಡುತ್ತದೆ. ಆ ಮಾತು ಸೆಡ್‌ನ ಪಕ್ಕದಿಂದಲೇ ಹಾದು ನೇರ ಪರದೆಗೆ ಬರುತ್ತದೆ. ಪೈಪಿನ ಮೊದಲು 2>&1 ಎಂದು ಸೇರಿಸಿದರೆ ಎರಡೂ ಒಂದೇ ಕಾಲುವೆಗೆ ಹರಿಯುತ್ತವೆ.

ಈ ಎರಡು ಬಾಗಿಲ ವ್ಯವಸ್ಥೆಯನ್ನು ಶಪಿಸುವವರಿದ್ದಾರೆ. ನನಗೆ ಅದು ಜಾಣತನವಾಗಿಯೇ ಕಾಣುತ್ತದೆ. ಫೈಲ್ ಸಿಗಲಿಲ್ಲ ಎಂಬ ಗೊಣಗಾಟ ನಮ್ಮ ಅಂಕಿಗಳ ನಡುವೆ ನುಸುಳಿ ಲೆಕ್ಕ ಕೆಡಿಸದಂತೆ ಕಾಯುವುದು ಅದೇ.

ನಂಬಿಕೆ: ಕ್ಯಾಟ್ ಹಾಕಿ ಗ್ರೆಪ್‌ಗೆ ಪೈಪ್ ಮಾಡುವುದು ಮಹಾಪರಾಧ

ಅಪರಾಧವೇನಲ್ಲ. ಗ್ರೆಪ್ ತಾನೇ ಫೈಲ್ ತೆರೆಯಬಲ್ಲದು, ಕ್ಯಾಟ್ ಅಲ್ಲಿ ಹೆಚ್ಚುವರಿ, ನಿಜ. ಆದರೆ ಕೈಯಲ್ಲಿ ಟೈಪ್ ಮಾಡುವಾಗ ಎಡದಿಂದ ಬಲಕ್ಕೆ ಯೋಚಿಸಲು ಅದು ಅನುಕೂಲ. ಇದಕ್ಕಾಗಿ ಕಿರಿಯರನ್ನು ಹಂಗಿಸುವ ಹಿರಿಯರ ಸ್ಕ್ರಿಪ್ಟ್‌ಗಳಲ್ಲಿ ಇದಕ್ಕಿಂತ ದೊಡ್ಡ ಹುಳುಕುಗಳಿರುತ್ತವೆ.

ನಂಬಿಕೆ: ಇಂಗ್ಲಿಷ್‌ಗೆ ನಡೆದದ್ದು ಕನ್ನಡಕ್ಕೂ ನಡೆಯುತ್ತದೆ

ಬಹುಮಟ್ಟಿಗೆ ನಡೆಯುತ್ತದೆ, ಅದೇ ಆಶ್ಚರ್ಯ. ಕಾರಣ ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿ. ಅದನ್ನು 1992ರಲ್ಲಿ ರೂಪಿಸಿದವರು ರಾಬ್ ಪೈಕ್ ಮತ್ತು ಗ್ರೆಪ್ ಬರೆದ ಅದೇ ಕೆನ್ ಥಾಂಪ್ಸನ್. ತೊಡಕು ಬರುವುದು ಎಣಿಕೆಯಲ್ಲಿ. 'ಕ್ಷಿ' ನಮಗೆ ಒಂದು ಅಕ್ಷರ. ಯೂನಿಕೋಡ್‌ಗೆ ಅದು ಕ, ವಿರಾಮ ಚಿಹ್ನೆ, ಷ, ಇಕಾರದ ಗುಡಿಸು ಎಂಬ ನಾಲ್ಕು ಸಂಕೇತ. ಒಂದೊಂದಕ್ಕೂ ಮೂರು ಬೈಟ್, ಒಟ್ಟು 12. ಅನೇಕ ಲಿನಕ್ಸ್‌ಗಳಲ್ಲಿ ಕಟ್‌ಗೆ ಮೊದಲ ಐದು ಅಕ್ಷರ ಕೊಡು ಎಂದರೆ ಅದು ಐದು ಬೈಟ್ ಕೊಡುತ್ತದೆ, ಎರಡನೆಯ ಸಂಕೇತದ ಕುತ್ತಿಗೆ ಕುಯ್ದು. ಪರದೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಡೈಮಂಡ್ ಕಂಡರೆ ಇದೇ ಆಗಿರುವ ಸಂಭವ ಹೆಚ್ಚು.

ಇನ್ನೊಂದು ಇನ್ನೂ ನವಿರಾದ ಬಲೆ. 'ಕೋಲಾರ' ಎಂಬಲ್ಲಿಯ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ತುಂಡುಗಳನ್ನು ಸೇರಿಸಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆನ್ನುತ್ತದೆ, ಪರದೆಯಲ್ಲೂ ಎರಡೂ ಒಂದೇ ಥರ ಕಾಣುತ್ತವೆ, ಗ್ರೆಪ್‌ಗೆ ಮಾತ್ರ ಅವು ಬೇರೆ ಬೇರೆ. ಪದದ ಕೊನೆಯಲ್ಲಿ ಅಡಗಿರುವ ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಸಂಕೇತ ಇದಕ್ಕೂ ಒಂದು ಕೈ ಮೇಲು, ಕಣ್ಣಿಗೇ ಬೀಳುವುದಿಲ್ಲ. ಕನ್ನಡದ ಪಟ್ಟಿಯಲ್ಲಿ ಇರುವ ಹೆಸರೇ ಸಿಗುತ್ತಿಲ್ಲವೆಂದರೆ ಮೊದಲು ಯುಕಾನ್ವ್‌ನಂಥ ಟೂಲಿನಿಂದ ಎಲ್ಲವನ್ನೂ ಒಂದೇ ರೂಪಕ್ಕೆ ತಂದು ಮತ್ತೆ ಹುಡುಕಿ.

ನಂಬಿಕೆ: ಜಟಿಲ ರೆಗ್ಯುಲರ್ ಎಕ್ಸ್‌ಪ್ರೆಷನ್ ಬರೆದವನೇ ಪಂಡಿತ

ಅರ್ಧ ಗೆರೆ ಉದ್ದದ ಸೆಡ್ ಬರೆದು ಮೀಸೆ ತಿರುವಿದ ದಿನಗಳು ನನಗೂ ಇದ್ದವು. ಈಗ ಅಂಥದ್ದು ಕಂಡರೆ ಮೊದಲು ಕೇಳುವ ಪ್ರಶ್ನೆ: ಆ ಕಮಾಂಡನ್ನೇ ನೇರವಾಗಿ ಕೇಳಿದ್ದೀರಾ? ಪರದೆಗೆ ಬರುವ ಕೋಷ್ಟಕ ಮನುಷ್ಯರು ನೋಡಲೆಂದು ಮಾಡಿದ್ದು. ಮ್ಯಾಕ್‌ನ ಡಿಎಫ್‌ನಲ್ಲಿ ಹೆಚ್ಚಿಗೆ ಮೂರು ಕಾಲಂ ಇರುವುದರಿಂದ ಮೌಂಟ್ ಪಾಯಿಂಟ್ ಆರನೆಯದಲ್ಲ, ಒಂಬತ್ತನೆಯದು. ಸಿಸ್ಟಮ್‌ನ ಭಾಷೆ ಬದಲಾದರೆ ತಲೆಬರಹಗಳೂ ತಿಂಗಳ ಹೆಸರುಗಳೂ ಬದಲಾಗುತ್ತವೆ. ಈ ಕೋಷ್ಟಕ ಹೀಗೇ ಇರುತ್ತದೆಂದು ಯಾರೂ ನಮಗೆ ಮಾತು ಕೊಟ್ಟಿಲ್ಲ.

ಕೇಳಿದರೆ ಬಹಳಷ್ಟು ಕಮಾಂಡ್‌ಗಳು ಬೇಕಾದಷ್ಟನ್ನೇ ಕೊಡುತ್ತವೆ. ಲಿನಕ್ಸ್‌ನ ಡಿಎಫ್‌ಗೆ ಔಟ್‌ಪುಟ್ ಎಂಬ ಆಯ್ಕೆಯಿದೆ. ಶೇಕಡಾ ಕಾಲಂ ಒಂದನ್ನೇ ಕೊಡು ಎಂದರೆ ಅದನ್ನೇ ಕೊಡುತ್ತದೆ. ಪಿಎಸ್‌ಗೆ ಡ್ಯಾಶ್ ಓ ಹಾಕಿ ಪ್ರೊಸೆಸ್ ಸಂಖ್ಯೆ ಮಾತ್ರ ಕೇಳಬಹುದು. ಪಿಎಸ್ ಅನ್ನು ಗ್ರೆಪ್‌ಗೆ ಪೈಪ್ ಮಾಡಿ, ಪಟ್ಟಿಯಲ್ಲಿ ಆ ಗ್ರೆಪ್ ತಾನೇ ಬಂದು ಕೂತದ್ದಕ್ಕೆ ಇನ್ನೊಂದು ಗ್ರೆಪ್ ಹಾಕಿ ಓಡಿಸುವವರಿಗೆ ಪಿಗ್ರೆಪ್ ಎಂಬ ಕಮಾಂಡೇ ಇದೆ. ಐಪಿ, ಎಲ್‌ಎಸ್‌ಬಿಎಲ್‌ಕೆ ಕಮಾಂಡ್‌ಗಳು ಜೇಸನ್ ರೂಪದಲ್ಲೂ ಉತ್ತರಿಸುತ್ತವೆ. ಅದರಿಂದ ಬೇಕಾದ್ದನ್ನು ಹೆಸರು ಹಿಡಿದು ತೆಗೆಯಲು 2012ರಲ್ಲಿ ಬಂದ ಜೆಕ್ಯೂ ಇದೆ; ಸ್ಪೇಸ್ ಎಣಿಸುವ ಪ್ರಮೇಯವೇ ಬರುವುದಿಲ್ಲ.

ನನ್ನ ಡಿಸ್ಕ್ ಸ್ಕ್ರಿಪ್ಟ್ ಇವತ್ತಿಗೂ ಓಡುತ್ತಿದೆ. ಕಟ್ ಹೋಗಿ ಔಟ್‌ಪುಟ್ ಆಯ್ಕೆ ಬಂದಿದೆ, ಮತ್ತು ಒಂದು ಸಾಲು ಹೆಚ್ಚಾಗಿದೆ: ಬಂದದ್ದು ಸಂಖ್ಯೆಯಲ್ಲದಿದ್ದರೆ ಅದನ್ನೇ ಮೇಲ್ ಮಾಡು. ಕಳೆದ ಮಳೆಗಾಲದಲ್ಲಿ ಒಮ್ಮೆ ರಾತ್ರಿ ಎರಡಕ್ಕೆ ಅಂಥ ಮೇಲ್ ಬಂತು. ಡಿಸ್ಕ್ ತುಂಬಿರಲಿಲ್ಲ, ಯಾರೋ ಮೌಂಟ್ ಪಾಯಿಂಟ್‌ನ ಹೆಸರು ಬದಲಿಸಿದ್ದರು.