ಮನೆಯೊಂದು ಬೆಟ್ಟವಿಳಿಯುವಾಗ

ಅಡಿಗೆಯ ಒಲೆ, ಮಲಗುವ ಮಂಚ, ನೀರಿನ ತೊಟ್ಟಿ, ಶೀತಪೆಟ್ಟಿಗೆ ಇವೆಲ್ಲವನ್ನೂ ಒಡಲಲ್ಲಿಟ್ಟುಕೊಂಡು ಹೆದ್ದಾರಿಯಲ್ಲಿ ಓಡುವ ಮೋಟಾರು ಮನೆಗಳು ಅಮೆರಿಕದಲ್ಲಿ ಸರ್ವಸಾಮಾನ್ಯ. ಅಲ್ಲಿಯವರು ಇವನ್ನು ಸಂಕ್ಷೇಪವಾಗಿ ‘ಆರ್.ವಿ.’ ಎನ್ನುತ್ತಾರೆ. ಬೇಸಗೆ ಬಂದಿತೆಂದರೆ ಸಂಸಾರಸಮೇತರಾಗಿ ಇದರಲ್ಲಿ ಸಂಚಾರ ಹೊರಡುವವರು ಬಹುಮಂದಿ. ಬಯಲಿನಲ್ಲಿ ಇದು ಸುಖದ ಪಯಣವೇ ಸರಿ. ಆದರೆ ಕೊಲೊರಾಡೊ ರಾಜ್ಯದ ರಾಕಿ ಪರ್ವತ ರಾಷ್ಟ್ರೀಯ ಉದ್ಯಾನದೊಳಗೆ ಸಾಗುವ ಟ್ರೇಲ್ ರಿಜ್ ರಸ್ತೆಯನ್ನು ಆರಿಸಿಕೊಂಡವನು, ಹೊರಡುವ ಮುನ್ನ ಕಾಗದ ಪೆನ್ಸಿಲು ಹಿಡಿದು ಭೌತವಿಜ್ಞಾನದ ಒಂದು ಸಣ್ಣ ಲೆಕ್ಕವನ್ನು ಮಾಡಿಕೊಳ್ಳುವುದು ಲೇಸು.

1932ರಲ್ಲಿ ಸಂಚಾರಕ್ಕೆ ತೆರೆದ ಈ ರಸ್ತೆ ಪೂರ್ವದ ಎಸ್ಟೆಸ್ ಪಾರ್ಕ್ ಪಟ್ಟಣದಿಂದ ಪಶ್ಚಿಮದ ಗ್ರ್ಯಾಂಡ್ ಲೇಕ್ ಊರಿನವರೆಗೆ 48 ಮೈಲಿ ಉದ್ದವಿದೆ. ಅದರ ಅತ್ಯುನ್ನತ ಬಿಂದು ಸಮುದ್ರಮಟ್ಟದಿಂದ 12,183 ಅಡಿ, ಅಂದರೆ 3,713 ಮೀಟರು. ನಮ್ಮ ಮುಳ್ಳಯ್ಯನಗಿರಿಯ ಸುಮಾರು ಎರಡರಷ್ಟು. ಸುಮಾರು 11 ಮೈಲಿಗಳ ದೂರ ರಸ್ತೆಯು ಮರಗಳೇ ಬೆಳೆಯಲಾರದಷ್ಟು ಎತ್ತರದಲ್ಲಿ ಸಾಗುತ್ತದೆ. ಅಲ್ಲಿ ನೆಲಕ್ಕಂಟಿದ ಪುಟ್ಟ ಹೂಗಿಡಗಳೂ ಹುಲ್ಲೂ ಮಾತ್ರ. ರಸ್ತೆಯ ಏರು ಎಲ್ಲಿಯೂ ನೂರಕ್ಕೆ ಏಳನ್ನು ಮೀರದಂತೆ ಎಂಜಿನಿಯರುಗಳು ಜಾಣತನದಿಂದ ಕಡಿದಿದ್ದಾರೆ. ನೋಡಿದವರಿಗೆ ಇಷ್ಟು ಇಳಿಜಾರು ಏನು ಮಹಾ ಎನಿಸೀತು. ಮೋಸ ಹೋಗುವುದೂ ಅಲ್ಲಿಯೇ.

ಏರುವಾಗ ಕಷ್ಟವೇನೆಂಬುದು ತಾನಾಗಿ ತಿಳಿದುಬರುತ್ತದೆ. ಶಿಖರದ ಬಳಿ ವಾಯುವಿನ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೆಯ ಎರಡು ಭಾಗಕ್ಕಿಂತ ತುಸು ಕಡಮೆ. ಒಂದೊಂದು ಸಲವೂ ಎಂಜಿನ್ನು ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕವೂ ಅಷ್ಟೇ ಕಡಮೆಯಾದ್ದರಿಂದ, ಗಾಳಿಯನ್ನು ಒತ್ತಿ ತುಂಬುವ ಸಾಧನವಿಲ್ಲದ ಎಂಜಿನ್ನು ತನ್ನ ಬಲದ ಮೂರನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಪ್ರಯಾಣಿಕರಿಗೂ ತಲೆನೋವು, ಏದುಸಿರು ಬಂದಾವು. ನೀರು ಸುಮಾರು 88 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವುದರಿಂದ ಅನ್ನ ಬೇಯಲು ತಡವಾಗುತ್ತದೆ. ಕುಕ್ಕರನ್ನು ಮರೆತುಬಂದ ಗೃಹಿಣಿಯು ಪತಿಯ ಮೇಲೆ ಸಿಡುಕಿದರೆ ಆಶ್ಚರ್ಯವಿಲ್ಲ. ಆದರೂ ಇವೆಲ್ಲ ನಿಧಾನವಾಗಿ ಸಾಗಿದರೆ ನಿಭಾಯಿಸಬಹುದಾದ ತೊಡಕುಗಳು.

ಇಳಿಯುವುದರ ಮಾತು ಬೇರೆ. ಸಾಮಾನು, ನೀರು, ಜನ ಸೇರಿ ಗಾಡಿಯ ತೂಕ 5 ಟನ್ನು ಎಂದಿಟ್ಟುಕೊಳ್ಳೋಣ. ಎಸ್ಟೆಸ್ ಪಾರ್ಕ್ ಪಟ್ಟಣವಿರುವುದು 2,293 ಮೀಟರು ಎತ್ತರದಲ್ಲಿ. ಅಂದರೆ ಶಿಖರದಿಂದ ಅಲ್ಲಿಗೆ 1,420 ಮೀಟರುಗಳ ಇಳಿತ. 5,000 ಕಿಲೋಗ್ರಾಮನ್ನು 1,420ರಿಂದ ಗುಣಿಸಿದರೆ 71 ಲಕ್ಷ ಕಿಲೋಗ್ರಾಮ್-ಮೀಟರು. 427 ಕಿಲೋಗ್ರಾಮ್-ಮೀಟರು ಕೆಲಸವು ಒಂದು ಕಿಲೋಕ್ಯಾಲರಿ ಉಷ್ಣಕ್ಕೆ ಸಮ. ಆದುದರಿಂದ ಗಾಡಿಯು ಏರುವಾಗ ಕೂಡಿಟ್ಟುಕೊಂಡ ಶಕ್ತಿ 16,600 ಕಿಲೋಕ್ಯಾಲರಿಗಳಷ್ಟು. ಎರಡುನೂರು ಲೀಟರು ತಣ್ಣೀರನ್ನು ಕುದಿಬಿಂದುವಿಗೆ ತರಲು ಇಷ್ಟು ಉಷ್ಣ ಸಾಕು! ಕೆಳಗೆ ತಲಪುವಷ್ಟರಲ್ಲಿ ಈ ಶಕ್ತಿಯೆಲ್ಲ ಎಲ್ಲಿಗಾದರೂ ಹೋಗಲೇಬೇಕು.

ಚಾಲಕನು ದಾರಿಯುದ್ದಕ್ಕೂ ಬ್ರೇಕನ್ನು ಒತ್ತಿಹಿಡಿದಿದ್ದರೆ ಅದರ ಬಹುಭಾಗ ಬ್ರೇಕಿನ ಕಬ್ಬಿಣಕ್ಕೇ ಹೋಗುತ್ತದೆ. ಆ ಕಬ್ಬಿಣದ ತೂಕ 60 ಕಿಲೋಗ್ರಾಮಿದ್ದು, ಉಷ್ಣವು ಒಂದಿಷ್ಟೂ ಹೊರಹೋಗದಿದ್ದಲ್ಲಿ, ಲೆಕ್ಕದ ಪ್ರಕಾರ ತಾಪ 2,000 ಡಿಗ್ರಿಯನ್ನು ಮೀರಬೇಕು. ಕಬ್ಬಿಣವಾದರೋ 1,538 ಡಿಗ್ರಿಯಲ್ಲಿಯೇ ಕರಗುತ್ತದೆ. ಬೀಸುವ ಗಾಳಿ ಉಷ್ಣವನ್ನು ಕೊಂಡೊಯ್ಯುವುದರಿಂದ ಬ್ರೇಕು ಕರಗಿ ಹರಿಯುವುದಿಲ್ಲ, ನಿಜ. ಆದರೆ ಅದಕ್ಕೂ ಬಹಳ ಮೊದಲೇ ಅಪಾಯ ಒದಗುತ್ತದೆ. ಅತಿಯಾಗಿ ಕಾದ ಪಟ್ಟಿಗಳು ಹಿಡಿತವನ್ನು ಕಳೆದುಕೊಳ್ಳುತ್ತವೆ. ಕೊಳವೆಗಳಲ್ಲಿರುವ ಬ್ರೇಕಿನ ದ್ರವ ವರ್ಷಗಟ್ಟಲೆ ತೇವವನ್ನು ಹೀರಿಕೊಂಡಿದ್ದರೆ ಬೇಗನೆ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ದ್ರವದಂತಲ್ಲದೆ ಆವಿಯು ಒತ್ತಿದರೆ ಕುಗ್ಗುತ್ತದೆ; ಕಾಲಿನ ಕೆಳಗಣ ಪೆಡಲು ನೆಲ ಮುಟ್ಟುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಪಕ್ಕದಲ್ಲಿ ಕಣಿವೆ, ಒಳಗೆ ಮಕ್ಕಳು.

ಇದಕ್ಕೆ ಪರಿಹಾರ ನಮ್ಮ ಘಾಟಿಗಳ ಲಾರಿ ಚಾಲಕರಿಗೆ ಚೆನ್ನಾಗಿ ಗೊತ್ತು: ಯಾವ ಗೇರಿನಲ್ಲಿ ಏರಬೇಕೋ ಆ ಗೇರಿನಲ್ಲಿಯೇ ಇಳಿಯಬೇಕು. ಕೆಳಗಣ ಗೇರಿನಲ್ಲಿ ಚಕ್ರಗಳೇ ಎಂಜಿನ್ನನ್ನು ಬಲವಂತವಾಗಿ ತಿರುಗಿಸುತ್ತವೆ. ಪೆಟ್ರೋಲು ಎಂಜಿನ್ನಿನಲ್ಲಿ ಗಾಳಿಯ ದಾರಿ ಮುಚ್ಚಿರುವಾಗ ಕೊಂತಗಳು ಅರೆ-ನಿರ್ವಾತದ ವಿರುದ್ಧ ಎಳೆಯಬೇಕಾಗಿ, ಶಕ್ತಿ ಅಲ್ಲಿ ವ್ಯಯವಾಗುತ್ತದೆ. ಬ್ರೇಕನ್ನು ಆಗಾಗ ದೃಢವಾಗಿ ಒತ್ತಿ, ವೇಗ ತಗ್ಗಿದೊಡನೆ ಬಿಟ್ಟುಬಿಡಬೇಕು. ಗೇರನ್ನು ಇಳಿಜಾರು ಆರಂಭವಾಗುವ ಮುನ್ನವೇ ಬದಲಿಸಬೇಕೆಂಬುದನ್ನು ಮರೆಯಬಾರದು. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ತಡಮಾಡಿದವನಿಗೆ ಲೆಕ್ಕ ಅಷ್ಟು ಪ್ರತಿಕೂಲ.

ಇನ್ನುಳಿದ ಸಿದ್ಧತೆಗಳನ್ನು ಬೇಗನೆ ಹೇಳಿಬಿಡಬಹುದು. ಉದ್ಯಾನದೊಳಗೆ ಪೆಟ್ರೋಲು ದೊರೆಯದು. ಹಿಮದ ಕಾರಣ ರಸ್ತೆಯ ಮೇಲ್ಭಾಗವು ಸಾಮಾನ್ಯವಾಗಿ ಮೇ ತಿಂಗಳ ಕೊನೆಯಿಂದ ಅಕ್ಟೋಬರಿನ ನಡುವಿನವರೆಗೆ ಮಾತ್ರ ತೆರೆದಿರುತ್ತದೆ. ಬೇಸಗೆಯ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲಿನ ಭಯವುಂಟು. ಬೆಳಗ್ಗೆಯೇ ಶಿಖರವನ್ನು ದಾಟುವುದು ಕ್ಷೇಮ. ನಕ್ಷೆಯಲ್ಲಿ ಫಾಲ್ ರಿವರ್ ಹಳೆಯ ರಸ್ತೆ ಎಂಬ ಇನ್ನೊಂದು ದಾರಿಯೂ ಕಾಣುತ್ತದೆ. ಅದು ಕಲ್ಲುಮಣ್ಣಿನ ಏಕಮುಖ ಮಾರ್ಗ. 25 ಅಡಿಗಿಂತ ಉದ್ದದ ಗಾಡಿಗಳಿಗೆ ಅಲ್ಲಿ ಪ್ರವೇಶವಿಲ್ಲ.

ಇಳಿಯುವ ದಾರಿಯಲ್ಲಿ ರೇನ್‌ಬೋ ಕರ್ವ್, ಮೆನಿ ಪಾರ್ಕ್ಸ್ ಕರ್ವ್ ಎಂಬ ತಿರುವುಗಳಲ್ಲಿ ಗಾಡಿ ನಿಲ್ಲಿಸಲು ಜಾಗವಿದೆ. ಜನರು ಅಲ್ಲಿ ನಿಲ್ಲುವುದು ಕೆಳಗೆ ಹರಡಿದ ಹುಲ್ಲುಗಾವಲುಗಳನ್ನು ನೋಡಲು. ಚಕ್ರದ ಬಳಿ ಸುಟ್ಟ ವಾಸನೆ ಬರುತ್ತಿದೆಯೇ ಎಂದು ನೋಡಿ, ಬಂದರೆ ಒಳಗೆ ಚಹಾ ಕಾಯಿಸಿಕೊಂಡು ಅರ್ಧ ಗಂಟೆ ಕುಳಿತಿರಲೂ ಆ ಸ್ಥಳ ಅನುಕೂಲವಾಗಿದೆ.