ಕರಣೆಯ ಕೆಲಸ ಬಲ್ಲವರಿಗೆ ಲೆಕ್ಕದ ಪಾಠ: ಗಾರೆ ಗುತ್ತಿಗೆದಾರರ ತರಬೇತಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಮನೆ ಕಟ್ಟಿಸಲು ಹೊರಟವರು ಮೊದಲು ವಿಚಾರಿಸುವುದು ಸಾಮಾನ್ಯವಾಗಿ ಎಂಜಿನಿಯರನ್ನಲ್ಲ, ಮೇಸ್ತ್ರಿಯನ್ನು. ಗಾರೆ ಕೆಲಸದಲ್ಲಿ ಕೈ ಪಳಗಿಸಿಕೊಂಡು, ನಾಲ್ಕಾರು ಗಾರೆಯವರನ್ನೂ ಅಷ್ಟೇ ಆಳುಗಳನ್ನೂ ಜೊತೆಗಿಟ್ಟುಕೊಂಡು, ಚದರಕ್ಕೆ ಇಷ್ಟು ಎಂದು ಮಾತು ಮುಗಿಸಿ ಕೆಲಸ ಹಿಡಿಯುವ ಈ ಮೇಸ್ತ್ರಿಯೇ ಇಲ್ಲಿನ ಗಾರೆ ಗುತ್ತಿಗೆದಾರ. ಚದರವೆಂದರೆ 100 ಚದರಡಿ. ಇಟ್ಟಿಗೆ, ಸಿಮೆಂಟು, ಮರಳು, ಕಬ್ಬಿಣವೆಲ್ಲ ಮನೆಯವರದಾಗಿ ಕೂಲಿಯ ಹೊಣೆ ಮಾತ್ರ ಮೇಸ್ತ್ರಿಯದಾದರೆ ಅದನ್ನು ಲೇಬರ್ ಕಂಟ್ರಾಕ್ಟ್ ಎನ್ನುತ್ತಾರೆ. ಸಾಮಗ್ರಿಯನ್ನೂ ಆತನೇ ತಂದು ಬೀಗದ ಕೈ ಒಪ್ಪಿಸುವುದಾದರೆ ಅದು ಪೂರ್ಣ ಗುತ್ತಿಗೆ. ಮೊದಲನೆಯದಕ್ಕೆ ಕಸುಬು ಬಲ್ಲ ಕೈ ಬಹುಮಟ್ಟಿಗೆ ಸಾಕು. ಎರಡನೆಯದಕ್ಕೆ ಅಂದಾಜು, ಅಳತೆ, ಕರಾರು, ತೆರಿಗೆ ಮತ್ತು ಕಾರ್ಮಿಕ ಕಾನೂನಿನ ತಿಳಿವಳಿಕೆಯೂ ಬೇಕು. ಸರ್ಕಾರದ ತರಬೇತಿಗಳು ಮೊದಲನೆಯದನ್ನು ಚೆನ್ನಾಗಿಯೇ ನೋಡಿಕೊಂಡಿವೆಯಾದರೂ ಎರಡನೆಯದನ್ನು ಬಹುತೇಕ ಮೇಸ್ತ್ರಿಯ ಅದೃಷ್ಟಕ್ಕೆ ಬಿಟ್ಟಿವೆ.

ಈ ಸೀಮೆಗೆ ಕಟ್ಟಡದ ಕಸುಬು ಹೊಸದೇನಲ್ಲ. ಬಂಡೆಗಳ ನಾಡಾದ ಇಲ್ಲಿ ಕಲ್ಲು ಒಡೆಯುವುದು, ಸೈಜುಗಲ್ಲು ಕಟ್ಟುವುದು, ಚಪ್ಪಡಿ ಹಾಸುವುದು ತಂದೆಯಿಂದ ಮಗನಿಗೆ, ಗುರುವಿನಿಂದ ಆಳಿಗೆ ಬಂದ ವಿದ್ಯೆಗಳು. ಈ ನಾಡಿನವರೇ ಆಗಿದ್ದ ಕೆಂಗಲ್ ಹನುಮಂತಯ್ಯನವರ ಮುತುವರ್ಜಿಯಲ್ಲಿ ಮೇಲೆದ್ದ ವಿಧಾನಸೌಧಕ್ಕೆ 1951ರಲ್ಲಿ ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದರು, 1956ರಲ್ಲಿ ಕಟ್ಟಡ ಮುಗಿಯಿತು; ಅದರ ಅಲಂಕಾರದ ಭಾಗಗಳಿಗೆ ಮಾಗಡಿಯ ನಸುಗೆಂಪು ಕಲ್ಲನ್ನೂ ಬಳಸಲಾಗಿದೆ. ಅಷ್ಟು ದೊಡ್ಡ ಕಲ್ಲುಕಟ್ಟಡದಲ್ಲಿ ದುಡಿದವರಲ್ಲಿ ಕಸುಬು ಬಲ್ಲ ಶಿಲ್ಪಿಗಳೂ ಗಾರೆಯವರೂ ಇದ್ದಂತೆ ಕೈದಿಗಳೂ ಇದ್ದರು. ಕೆಲಸ ಗೊತ್ತಿಲ್ಲದವರು ಗೊತ್ತಿದ್ದವರ ಪಕ್ಕದಲ್ಲಿ ನಿಂತು ಕಲಿಯುವ ಇಂಥ ಕಲಿಕೆಗೆ ಆಗ ಪ್ರಮಾಣಪತ್ರದ ಹಂಗಿರಲಿಲ್ಲ. ಈಗ ಸಾಲಕ್ಕೂ ಟೆಂಡರಿಗೂ ದೊಡ್ಡ ಕಂಪನಿಯ ಉಪಗುತ್ತಿಗೆಗೂ ಕಾಗದ ಬೇಕಾಗಿದೆ.

ಆ ಕಾಗದ ಪಡೆಯುವ ಹಳೆಯ ದಾರಿ ಐಟಿಐ. ಕೇಂದ್ರದ ಕುಶಲಕರ್ಮಿ ತರಬೇತಿ ಯೋಜನೆಯಲ್ಲಿ ‘ಮೇಸನ್’ ಎಂಬುದೊಂದು ಟ್ರೇಡ್ ಇದ್ದು, ಅದರ ಅವಧಿ ಒಂದು ವರ್ಷ. ಎಂಟನೇ ತರಗತಿ ಪಾಸಾದವರೂ ಸೇರಬಹುದಾದ ಕೆಲವೇ ಟ್ರೇಡುಗಳಲ್ಲಿ ಇದೂ ಒಂದು. ಆದರೆ ಫಿಟ್ಟರ್, ಎಲೆಕ್ಟ್ರಿಷಿಯನ್ ಟ್ರೇಡುಗಳಿಗಿರುವ ನೂಕುನುಗ್ಗಲು ಇದಕ್ಕಿಲ್ಲ, ಮತ್ತು ದಿನಗೂಲಿ ಬಿಟ್ಟು ಒಂದು ವರ್ಷ ಬೆಂಚಿನ ಮೇಲೆ ಕೂರುವುದು ಸಂಸಾರವಂದಿಗನಿಗೆ ಸಾಧ್ಯವೂ ಅಲ್ಲ. ಮನೆಯಿಲ್ಲದ ಬಡವರಿಗೆ ಮನೆ ಕಟ್ಟಿಕೊಳ್ಳಲು ನೆರವಾಗುವ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಡಿ ನಡೆಯುವ 45 ದಿನಗಳ ಗ್ರಾಮೀಣ ಮೇಸ್ತ್ರಿ ತರಬೇತಿಯಲ್ಲಿ ಕಲಿಯುವವರು ನಿಜವಾದ ಫಲಾನುಭವಿಯ ಮನೆಯನ್ನೇ ಕಟ್ಟುತ್ತಾ ಕಲಿಯುವುದರಿಂದ ಅದು ಇದಕ್ಕಿಂತ ಹೆಚ್ಚು ಅನುಕೂಲದ್ದು. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳದು ಇನ್ನೊಂದು ದಾರಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯೇ ಮುಂದೆ ದೇಶದ ಜಿಲ್ಲೆ ಜಿಲ್ಲೆಗೂ ಹಬ್ಬಿತು ಎಂಬುದು ಕನ್ನಡಿಗರು ಹೆಮ್ಮೆಪಡಬಹುದಾದ ಸಂಗತಿ.

ಈಗಾಗಲೇ ಹತ್ತಿಪ್ಪತ್ತು ವರ್ಷ ದುಡಿದವರಿಗೆ ಇಟ್ಟಿಗೆ ಇಡುವುದನ್ನು ಕಲಿಸಹೊರಡುವುದು ನಗೆಪಾಟಲಿನ ಮಾತಾದ್ದರಿಂದ, ಅಂಥವರ ಇರುವ ಕೌಶಲ್ಯವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪದ್ಧತಿಯೂ ಬಂದಿದೆ. ಇದಕ್ಕೆ ಪೂರ್ವಕಲಿಕೆಯ ಮಾನ್ಯತೆ ಎಂದು ಹೆಸರು. ಕೇಂದ್ರ ನಗರ ವ್ಯವಹಾರಗಳ ಸಚಿವಾಲಯ 2022ರ ಜೂನ್‌ನಲ್ಲಿ ಆರಂಭಿಸಿದ ‘ನಿಪುಣ್’ ಕಾರ್ಯಕ್ರಮ ಒಂದು ಲಕ್ಷ ಕಟ್ಟಡ ಕಾರ್ಮಿಕರಿಗೆ ತರಬೇತಿ ನೀಡುವ ಗುರಿ ಇಟ್ಟುಕೊಂಡು ಇದೇ ದಾರಿಯನ್ನೂ ಬಳಸಿತು. 2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗಾರೆ ಕೆಲಸವೂ ಕಲ್ಲುಕುಟಿಗರ ಕೆಲಸವೂ ಸೇರಿವೆ. ಐದರಿಂದ ಏಳು ದಿನಗಳ ಮೂಲ ತರಬೇತಿ, ಬೇಕೆನಿಸಿದವರಿಗೆ 15 ದಿನಗಳ ಉನ್ನತ ತರಬೇತಿ, ತರಬೇತಿಯ ದಿನಗಳಿಗೆ ತಲಾ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗಿನ ನೆರವು, ಅನಂತರ ಶೇ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅದನ್ನು ತೀರಿಸಿದರೆ ಎರಡು ಲಕ್ಷ ರೂಪಾಯಿ ಸಾಲ ಎಂಬುದು ಅದರ ಚೌಕಟ್ಟು. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಇದು ಲಭ್ಯ. ಸೆಂಟ್ರಿಂಗ್ ಹಲಗೆ, ಕಾಂಕ್ರೀಟ್ ಮಿಕ್ಸರ್ ಕೊಳ್ಳಲು ಮೀಟರ್ ಬಡ್ಡಿಗೆ ಕೈಚಾಚುವ ಮೇಸ್ತ್ರಿಗೆ ಐದು ದಿನದ ಪಾಠಕ್ಕಿಂತ ಆ ಸಾಲವೇ ದೊಡ್ಡದಾಗಿ ಕಾಣುವುದು ಸಹಜ.

ಸಿಮೆಂಟ್ ಕಂಪನಿಗಳು ಊರೂರಲ್ಲಿ ನಡೆಸುವ ಮೇಸ್ತ್ರಿಗಳ ಸಭೆಗಳನ್ನೂ ತರಬೇತಿಯೆಂದೇ ಕರೆಯುವ ರೂಢಿಯಿದೆ. ಅಲ್ಲಿ ಊಟ, ಟೀಶರ್ಟು, ಚೀಲದ ಲೆಕ್ಕದ ಬಹುಮಾನಗಳ ನಡುವೆ ಒಂದೆರಡು ಉಪಯುಕ್ತ ಮಾತುಗಳೂ ಬರುತ್ತವೆಯಾದರೂ ಅದು ಮುಖ್ಯವಾಗಿ ಮಾರಾಟದ ಕೆಲಸವೆಂಬುದನ್ನು ಮರೆಯಬಾರದು.

ತರಬೇತಿಯಿಂದ ಕೆಲಸದಲ್ಲಿ ಆಗುವ ವ್ಯತ್ಯಾಸಕ್ಕೆ ಕ್ಯೂರಿಂಗ್, ಅಂದರೆ ಕಟ್ಟಿದ್ದಕ್ಕೆ ನೀರು ಹಿಡಿಯುವ ಕ್ರಮ, ಒಳ್ಳೆಯ ಉದಾಹರಣೆ. ಹಿಂದೆ ಹೆಚ್ಚು ಬಳಕೆಯಲ್ಲಿದ್ದ ಸಾದಾ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ ಒದ್ದೆಯಾಗಿಡಬೇಕೆಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟು ನಿಧಾನವಾಗಿ ಗಟ್ಟಿಯಾಗುವುದರಿಂದ ಅದಕ್ಕೆ ಕನಿಷ್ಠ 10 ದಿನ ಬೇಕು. ಗುರುವಿನಿಂದ ಏಳು ದಿನವೆಂದು ಕಲಿತ ಮೇಸ್ತ್ರಿ ಚೀಲದ ಮೇಲಿನ ಅಕ್ಷರ ಬದಲಾದದ್ದನ್ನು ಗಮನಿಸದೆ ನೀರು ನಿಲ್ಲಿಸಿದರೆ ತಾರಸಿ ಬಿರುಕು ಬಿಟ್ಟಾಗ ಬೈಗುಳ ಸಿಮೆಂಟಿಗೆ ಬೀಳುತ್ತದೆ.

ಇದಕ್ಕಿಂತ ದುಬಾರಿಯಾದದ್ದು ಲೆಕ್ಕದ ಅಜ್ಞಾನ. ಮಾನಕ ಅಳತೆಯ ಇಟ್ಟಿಗೆಯಾದರೆ ಗಾರೆಯೂ ಸೇರಿದ ಒಂದು ಘನ ಮೀಟರ್ ಗೋಡೆಗೆ ಸುಮಾರು 500 ಇಟ್ಟಿಗೆ ಬೇಕು. ಮೂರು ಮೀಟರ್ ಉದ್ದ, ಮೂರು ಮೀಟರ್ ಎತ್ತರ, 20 ಸೆಂಟಿಮೀಟರ್ ದಪ್ಪದ ಗೋಡೆ 1.8 ಘನ ಮೀಟರ್ ಆಗುವುದರಿಂದ ಅದಕ್ಕೆ 900 ಇಟ್ಟಿಗೆ. ಅದರಲ್ಲಿ ಒಂದು ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲಿದ್ದರೆ 210 ಕಳೆದು 690. ಆದರೆ ಅದೇ ಗೋಡೆಯ ಎರಡೂ ಮುಖಕ್ಕೆ ಪ್ಲಾಸ್ಟರ್ ಮಾಡಿದ ಕೂಲಿಯನ್ನು ಲೆಕ್ಕ ಹಾಕುವಾಗ ಬಾಗಿಲಿನ ಜಾಗವನ್ನು ಎರಡು ಕಡೆಯಲ್ಲೂ ಕಳೆಯುವಂತಿಲ್ಲ: ಅರ್ಧ ಚದರ ಮೀಟರಿಗಿಂತ ದೊಡ್ಡದಾಗಿ ಮೂರು ಚದರ ಮೀಟರ್ ಮೀರದ ಕಂಡಿಗೆ ಒಂದೇ ಮುಖವನ್ನು ಕಳೆಯಬೇಕು, ಏಕೆಂದರೆ ಕಂಡಿಯ ಒಳ ಅಂಚುಗಳಿಗೆ ಬಳಿದ ಗಾರೆಗೆ ಬೇರೆ ಅಳತೆ ಇಲ್ಲ ಎಂಬುದು ಐಎಸ್ 1200 ಮಾನಕದ ನಿಯಮ. ಇದನ್ನು ತಿಳಿಯದ ಮೇಸ್ತ್ರಿ ಬಾಗಿಲು ಬಾಗಿಲಿಗೂ ಕಿಟಕಿ ಕಿಟಕಿಗೂ ತನ್ನ ದುಡ್ಡನ್ನು ತಾನೇ ಬಿಟ್ಟುಕೊಡುತ್ತಾನೆ. ಚದರದ ಲೆಕ್ಕದಲ್ಲಿ ಪ್ಯಾರಪೆಟ್, ಸಂಪು, ಕಾಂಪೌಂಡು ಸೇರಿವೆಯೇ ಇಲ್ಲವೇ ಎಂಬ ಜಗಳಗಳ ಮೂಲವೂ ಬರವಣಿಗೆಯ ಕರಾರು ಇಲ್ಲದಿರುವುದೇ.

ಗುತ್ತಿಗೆ ಬೆಳೆದಂತೆ ಬೇರೆ ಬೇರೆ ಕಚೇರಿಗಳು ಎದುರಾಗುತ್ತವೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು; ಸರ್ಕಾರಿ ಕಾಮಗಾರಿ ಬೇಕೆಂದರೆ ಲೋಕೋಪಯೋಗಿ ಇಲಾಖೆಯಲ್ಲಿ ದರ್ಜೆಗೆ ತಕ್ಕ ಗುತ್ತಿಗೆದಾರನೆಂದು ನೋಂದಾಯಿಸಿಕೊಂಡು ಆನ್‌ಲೈನ್ ಟೆಂಡರಿನ ದಾರಿ ಕಲಿಯಬೇಕು. ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಕಾರ್ಮಿಕರು ಹೆಸರು ನೋಂದಾಯಿಸಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ಪುರಾವೆ ಬೇಕಾಗಿದ್ದು, ಹಾಜರಿ ಪುಸ್ತಕವನ್ನು ಸರಿಯಾಗಿ ಇಟ್ಟ ಮೇಸ್ತ್ರಿ ತನ್ನ ಆಳುಗಳಿಗೆ ಅದನ್ನು ಸುಲಭವಾಗಿ ಒದಗಿಸಬಲ್ಲ.

ಈ ಎಲ್ಲವನ್ನೂ ಒಂದೇ ಕಡೆ, ಸಂಜೆ ಹೊತ್ತಿನಲ್ಲಿ, ಕನ್ನಡದಲ್ಲಿ ಕಲಿಸುವ ಕೋರ್ಸು ಬೇಕಾಗಿದೆ. ಅದಕ್ಕೆ ಹೊಸ ಕಟ್ಟಡವೇನೂ ಬೇಡ; ಚನ್ನಪಟ್ಟಣದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ರಾಮನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಕಡಿಮೆ ವೆಚ್ಚದ ಕಟ್ಟಡ ತಂತ್ರಗಳನ್ನು ಹಬ್ಬಿಸಲೆಂದೇ ಹುಟ್ಟಿದ ನಿರ್ಮಿತಿ ಕೇಂದ್ರಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ತೆಗೆಯುವ ಇಟ್ಟಿಗೆಯನ್ನು ರೂಢಿಗೆ ತರಲು ಹೊರಟಾಗ ಪ್ರಯೋಗಶಾಲೆಯ ಜ್ಞಾನ ಗಾರೆಯವರ ಕೈಗೆ ಇಳಿದರೆ ಮಾತ್ರ ಬೆಲೆ ಎಂಬುದು ಸ್ಪಷ್ಟವಾಗಿತ್ತು. ಆ ಪಾಠ ಇಂದಿಗೂ ಸಲ್ಲುತ್ತದೆ. ಬಾಂಡ್ಲಿ ಹೊರುವುದಕ್ಕಷ್ಟೇ ಸೀಮಿತರಾದ ಹೆಣ್ಣಾಳುಗಳಿಗೂ ಈ ತರಗತಿಯ ಬಾಗಿಲು ತೆರೆದಿರಬೇಕು; ಜಾರ್ಖಂಡದ ಹಳ್ಳಿಗಳಲ್ಲಿ ಶೌಚಾಲಯಗಳನ್ನು ಕಟ್ಟಿ ‘ರಾಣಿ ಮಿಸ್ತ್ರಿ’ ಎಂದು ಹೆಸರಾದ ಮಹಿಳೆಯರು ಗಾರೆ ಕೆಲಸ ಗಂಡಸರ ಸೊತ್ತಲ್ಲವೆಂದು ತೋರಿಸಿದ್ದಾರೆ.

ಅಂಥ ಕೋರ್ಸು ಬರುವವರೆಗೆ ಮೇಸ್ತ್ರಿಗಳು ಕಾಯಬೇಕಾಗಿಲ್ಲ. ಪಿಎಂ ವಿಶ್ವಕರ್ಮಕ್ಕೆ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆಯ ವಿವರ ಮತ್ತು ಮೊಬೈಲ್‌ನೊಡನೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ಹೆಸರು ಬರೆಸಬಹುದು, ನೋಂದಣಿಗೆ ಶುಲ್ಕವಿಲ್ಲ. ಅರ್ಜಿಯ ಮೊದಲ ಪರಿಶೀಲನೆ ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯಲ್ಲೂ ಪಟ್ಟಣದವರಿಗೆ ನಗರ ಸ್ಥಳೀಯ ಸಂಸ್ಥೆಯಲ್ಲೂ ನಡೆಯುತ್ತದೆ.