ಕೋಲಾಟದ ಕೋಲು, ದೇವರ ಮನೆ ಗಂಟೆ, ಒಂದು ಕಂಪ್ಯೂಟರ್



ಸಂಘದ ಕಾರ್ಯಕ್ರಮಗಳಲ್ಲಿ ಮಕ್ಕಳ ನೃತ್ಯಕ್ಕೆ ನಾವೆಲ್ಲ ಹಾಕುವುದು ಸಾಮಾನ್ಯವಾಗಿ ಸಿನಿಮಾ ಹಾಡು. ವೇದಿಕೆಯ ಮೇಲೆ ಅದು ಚೆನ್ನಾಗಿಯೇ ಇರುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ವಿಡಿಯೋವನ್ನು ಅಂತರ್ಜಾಲಕ್ಕೆ ಏರಿಸಿದರೆ, ಹಾಡಿನ ಹಕ್ಕು ಬೇರೆಯವರದ್ದೆಂದು ಎಷ್ಟೋ ಸಲ ಧ್ವನಿಯನ್ನೇ ಮುಚ್ಚಿಬಿಡುತ್ತಾರೆ. ಹಾಡಿನ ಜೊತೆಗೆ ಗೆಜ್ಜೆಯ ಸದ್ದು, ಚಪ್ಪಾಳೆ ಎಲ್ಲವೂ ಮಾಯ! ಊರಲ್ಲಿ ಕಾಯುತ್ತಿರುವ ಅಜ್ಜ-ಅಜ್ಜಿಗೆ ಸಿಗುವುದು ಮೊಮ್ಮಕ್ಕಳ ಮೂಕಾಭಿನಯ.

ಇದಕ್ಕೆ ನಾನು ಕಂಡುಕೊಂಡ ಉಪಾಯ, ನಮ್ಮ ಮನೆಯಲ್ಲಿರುವ ಶಬ್ದಗಳಿಂದಲೇ ನಮ್ಮ ಟ್ರ್ಯಾಕ್ ಮಾಡಿಕೊಳ್ಳುವುದು. ಇದಕ್ಕೆ ಬೇಕಾದ ಸಾಫ್ಟ್‌ವೇರ್ ಉಚಿತ. ಸಂಗೀತ ಪಾಂಡಿತ್ಯವೇನೂ ಬೇಡ, ತಾಳ ಹಾಕಲು ಬಂದರೆ ಸಾಕು.

ಒಂದು ಶಬ್ದದ ಚಿಕ್ಕ ತುಣುಕನ್ನು ಹಿಡಿದಿಟ್ಟು, ಅದನ್ನೇ ವಾದ್ಯದಂತೆ ನುಡಿಸುವುದಕ್ಕೆ ಸಾಂಪ್ಲಿಂಗ್ ಎನ್ನುತ್ತಾರೆ. ವಿಚಾರ ಹಳೆಯದೇ. 1963ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮೆಲೋಟ್ರಾನ್ ವಾದ್ಯದಲ್ಲಿ ಪ್ರತಿಯೊಂದು ಕೀಲಿಗೂ ಒಂದೊಂದು ಟೇಪಿನ ತುಂಡಿತ್ತು. 1979ರಲ್ಲಿ ಸಿಡ್ನಿಯ ಫೇರ್‌ಲೈಟ್ ಯಂತ್ರ ಇದೇ ಕೆಲಸವನ್ನು ಕಂಪ್ಯೂಟರ್ ಮೂಲಕ ಮಾಡಿತು. ಅದು ಶ್ರೀಮಂತ ಸ್ಟುಡಿಯೋಗಳಿಗೆ ಮಾತ್ರ ಎಟುಕುವ ವಸ್ತು. ಇಂದು ಅದಕ್ಕಿಂತ ಎಷ್ಟೋ ಪಾಲು ಶಕ್ತಿ ನಮ್ಮ ಮಕ್ಕಳು ಹೋಂವರ್ಕ್ ಮಾಡುವ ಲ್ಯಾಪ್‌ಟಾಪಿನಲ್ಲಿದೆ.

ನಾನು ಬಳಸುವುದು ಎರಡು ತಂತ್ರಾಂಶ. ಮೊದಲನೆಯದು ಆಡಾಸಿಟಿ. 2000ದಿಂದ ಬಳಕೆಯಲ್ಲಿರುವ ಇದು ಧ್ವನಿ ಹಿಡಿಯಲು, ಕತ್ತರಿಸಲು ಅನುಕೂಲ. ಎರಡನೆಯದು ಎಲ್‌ಎಂಎಂಎಸ್. 2004ರಲ್ಲಿ ಲಿನಕ್ಸ್‌ಗೆಂದು ಹುಟ್ಟಿದ ಇದು ಈಗ ವಿಂಡೋಸ್, ಮ್ಯಾಕ್‌ಗಳಲ್ಲೂ ಓಡುತ್ತದೆ. ತುಣುಕುಗಳನ್ನು ತಾಳಕ್ಕೆ ಜೋಡಿಸುವುದು ಇದರಲ್ಲಿ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ, ಎರಡರ ಮೂಲ ಸಂಕೇತವೂ ಎಲ್ಲರಿಗೂ ಮುಕ್ತ.

ಮೊದಲು ಶಬ್ದ ಸಂಗ್ರಹ. ಕೋಲಾಟದ ಒಂದು ಜೊತೆ ಕೋಲು, ಒಂದು ಗೆಜ್ಜೆ ಸರ, ದೇವರ ಮನೆಯ ಪುಟ್ಟ ಗಂಟೆ, ಸ್ಟೀಲ್ ಲೋಟ, ಇಷ್ಟರಿಂದ ಶುರು ಮಾಡಿ. ಫೋನಿನ ರೆಕಾರ್ಡರ್ ಆದರೂ ನಡೆಯುತ್ತದೆ. ಬಟ್ಟೆ ತುಂಬಿದ ಕ್ಲಾಸೆಟ್ ಒಳಗೆ ನಿಂತು ರೆಕಾರ್ಡ್ ಮಾಡಿದರೆ ಪ್ರತಿಧ್ವನಿ ಕಡಿಮೆ. (ಮನೆಯವರು ವಿಚಿತ್ರವಾಗಿ ನೋಡಿದರೆ ತಲೆಕೆಡಿಸಿಕೊಳ್ಳಬೇಡಿ!) ಪ್ರತಿಯೊಂದನ್ನೂ ನಾಲ್ಕೈದು ಸಲ ಬಾರಿಸಿ. ಮೊದಲಿಗೆ ಎರಡು ಸೆಕೆಂಡು ಸುಮ್ಮನಿರಿ. ಹೀಟರಿನ ಗುಂಯ್ ಶಬ್ದ ಸೇರಿಕೊಂಡಿದ್ದರೆ, ಆ ಎರಡು ಸೆಕೆಂಡನ್ನು ಆಡಾಸಿಟಿಯ ನಾಯ್ಸ್ ರಿಡಕ್ಷನ್‌ಗೆ ಮಾದರಿಯಾಗಿ ತೋರಿಸಬಹುದು. ಅದೇ ಬಗೆಯ ಶಬ್ದವನ್ನು ಅದು ಉಳಿದ ಭಾಗದಲ್ಲೂ ತಗ್ಗಿಸುತ್ತದೆ. ಹೆಚ್ಚು ತಗ್ಗಿಸಿದರೆ ಗಂಟೆಯ ನಾದವೂ ಒಣಗುತ್ತದೆ, ಹದ ನೋಡಿಕೊಳ್ಳಿ.

ಆಮೇಲೆ ಕತ್ತರಿ ಕೆಲಸ. ಸಿ.ಡಿ. ಗುಣಮಟ್ಟದಲ್ಲಿ ಕಂಪ್ಯೂಟರ್ ಒಂದು ಸೆಕೆಂಡಿನ ಶಬ್ದವನ್ನು 44,100 ಸಲ ಅಳೆದು ಬರೆದಿಡುತ್ತದೆ. ಪರದೆಯನ್ನು ಹಿಗ್ಗಿಸಿ ನೋಡಿದರೆ ಕೋಲು ತಗುಲಿದ ಕ್ಷಣ ಗುಡ್ಡದಂತೆ ಎದ್ದು ಕಾಣುತ್ತದೆ. ತುಣುಕು ಸರಿಯಾಗಿ ಅಲ್ಲಿಂದಲೇ ಶುರುವಾಗಬೇಕು. ಮುಂದೆ ಸ್ವಲ್ಪ ಮೌನ ಉಳಿದರೂ ತಾಳ ಎಳೆದಂತಾಗುತ್ತದೆ. ಒಂದೊಂದು ತುಣುಕನ್ನೂ ಬೇರೆ ಬೇರೆ ವೇವ್ ಕಡತವಾಗಿ ಉಳಿಸಿ.

ಈಗ ಎಲ್‌ಎಂಎಂಎಸ್ ತೆರೆಯಿರಿ. ಅದರಲ್ಲಿ ಆಡಿಯೋಫೈಲ್‌ಪ್ರೊಸೆಸರ್ ಎಂಬ ವಾದ್ಯವಿದೆ. ನಿಮ್ಮ ತುಣುಕನ್ನು ಅದಕ್ಕೆ ಕೊಟ್ಟರೆ ಅದೇ ವಾದ್ಯವಾಗುತ್ತದೆ. ತಾಳದ ಪಟ್ಟಿಯಲ್ಲಿ 16 ಚೌಕಗಳಿರುತ್ತವೆ, ಅಂದರೆ ನಾಲ್ಕು ಎಣಿಕೆ, ಒಂದೊಂದರಲ್ಲಿ ನಾಲ್ಕು ಭಾಗ. 1, 5, 9, 13ನೇ ಚೌಕಗಳಲ್ಲಿ ಕೋಲು, 3, 7, 11, 15ರಲ್ಲಿ ಗೆಜ್ಜೆ ಇಡಿ. ವೇಗ ನಿಮಿಷಕ್ಕೆ 100 ಎಣಿಕೆ ಇಟ್ಟರೆ ಒಂದು ಪಟ್ಟಿ 2.4 ಸೆಕೆಂಡು, ಮೂರು ನಿಮಿಷದ ಕೋಲಾಟಕ್ಕೆ 75 ಪಟ್ಟಿ. ಆದಿತಾಳಕ್ಕೆ ಎಂಟು ಎಣಿಕೆ ಬೇಕಾದ್ದರಿಂದ 32 ಚೌಕ ಮಾಡಿಕೊಳ್ಳಿ. ಒಂದೇ ಕೋಲಿನ ತುಣುಕನ್ನು ಮತ್ತೆ ಮತ್ತೆ ಹಾಕಿದರೆ ಯಂತ್ರದ ಸದ್ದಾಗುತ್ತದೆ. ನಾಲ್ಕೈದು ಸಲ ಬಾರಿಸಲು ಹೇಳಿದ್ದು ಅದಕ್ಕೇ. ಬೇರೆ ಬೇರೆ ಏಟುಗಳನ್ನು ಬೆರೆಸಿ.

ಸ್ವರದ ವಿಷಯ ಇನ್ನೂ ಮಜವಾಗಿದೆ. ಕೀಲಿಮಣೆಯಲ್ಲಿ 12 ಕೀಲಿ ಕೆಳಗೆ ಒತ್ತಿದರೆ ತುಣುಕು ಅರ್ಧ ವೇಗದಲ್ಲಿ ಓಡುತ್ತದೆ, ಶ್ರುತಿ ಒಂದು ಸ್ಥಾಯಿ ಇಳಿಯುತ್ತದೆ, ಅವಧಿ ಎರಡರಷ್ಟಾಗುತ್ತದೆ. 24 ಕೀಲಿ ಇಳಿದರೆ ಎರಡು ಸೆಕೆಂಡಿನ ಪುಟ್ಟ ಗಂಟೆ ಎಂಟು ಸೆಕೆಂಡು ಮೊಳಗುವ ಗುಡಿಯ ಗಂಟೆ! ಆದರೆ ಮನುಷ್ಯರ ದನಿಗೆ ಈ ಆಟ ಒಗ್ಗುವುದಿಲ್ಲ. ಮಗುವಿನ 'ಆ'ಕಾರವನ್ನು ಹೀಗೆ ಏರಿಸಿದರೆ ಕಾರ್ಟೂನ್ ಅಳಿಲಿನ ದನಿಯಾಗುತ್ತದೆ. ಎರಡು-ಮೂರು ಸ್ವರಕ್ಕೊಂದರಂತೆ ಬೇರೆ ತುಣುಕು ಹಿಡಿಯುವುದೇ ದಾರಿ. ಗಮಕವಂತೂ ಬಿಡಿ ಕೀಲಿಗಳಿಗೆ ಸುಲಭವಾಗಿ ದಕ್ಕುವುದಿಲ್ಲ. ಅಂಥ ಕಡೆ ಯಾರಿಂದಲಾದರೂ ಇಡೀ ಸಾಲನ್ನೇ ಹಾಡಿಸಿ ಸೇರಿಸಿ.

ಹಕ್ಕಿನ ಬಗ್ಗೆ ಒಂದು ಮಾತು. ಪುರಂದರದಾಸರ ಕೀರ್ತನೆ ಯಾರ ಸ್ವತ್ತೂ ಅಲ್ಲ, ನೀವು ಹಾಡಿಕೊಳ್ಳಬಹುದು. ಆದರೆ ಅದೇ ಕೀರ್ತನೆಯನ್ನು ಇನ್ನೊಬ್ಬರು ಹಾಡಿದ ಮುದ್ರಣಕ್ಕೆ ಬೇರೆಯೇ ಹಕ್ಕಿದೆ. ಭಾರತದ ಕಾನೂನಿನಲ್ಲಿ ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಬೇರೆ ದೇಶಗಳ ಲೆಕ್ಕ ಬೇರೆ. ಮನೆಯಲ್ಲಿಲ್ಲದ ಶಬ್ದ ಬೇಕಾದರೆ ಫ್ರೀಸೌಂಡ್ ಸಂಗ್ರಹ ನೋಡಿ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದವರು 2005ರಲ್ಲಿ ಆರಂಭಿಸಿದ್ದು. ಅಲ್ಲಿ ಪ್ರತಿ ಶಬ್ದಕ್ಕೂ ಷರತ್ತು ಬರೆದಿರುತ್ತದೆ. ಕೆಲವಕ್ಕೆ ಏನೂ ಷರತ್ತಿಲ್ಲ, ಕೆಲವಕ್ಕೆ ಹಿಡಿದವರ ಹೆಸರು ಹೇಳಬೇಕು, ಕೆಲವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಓದಿಯೇ ಇಳಿಸಿಕೊಳ್ಳಿ.

ಆದರೆ ನಿಮ್ಮ ತಾಯಿಯ ತಂಬೂರಿ, ನಿಮ್ಮೂರ ಗುಡಿಯ ಜಾಗಟೆ ಯಾವ ಸಂಗ್ರಹದಲ್ಲೂ ಸಿಗುವುದಿಲ್ಲ. ಅದನ್ನು ನೀವೇ ಹಿಡಿಯಬೇಕು. ಮುಂದಿನ ಸಲ ರಜೆಗೆ ಊರಿಗೆ ಹೊರಟಾಗ ಚಕ್ಕುಲಿ, ಸಾರಿನ ಪುಡಿಯ ಪಟ್ಟಿಗೆ ಇದನ್ನೂ ಸೇರಿಸಿ. ಇದಕ್ಕೆ ಲಗೇಜಿನಲ್ಲಿ ತೂಕವಿಲ್ಲ. ಅಜ್ಜಿ ಬಾರಿಸಿದ ಗಂಟೆಗೆ ಇಲ್ಲಿ ಮೊಮ್ಮಕ್ಕಳು ಕೋಲು ಹಾಕಿದರೆ, ಆ ವಿಡಿಯೋ ಅವರಿಗೆ ಧ್ವನಿ ಸಮೇತ ತಲುಪುತ್ತದೆ.